ವಯರ್ ಇಲ್ಲದ ಕಟರ್

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ಸಲ ಒಂದಾದರೂ ಚರಿತ್ರೆಯ ಲೇಖನ ಇರುತ್ತದೆ. ಕದಂಬರು, ಹೊಯ್ಸಳರು, ವಿಜಯನಗರ, ಕಿತ್ತೂರು ಎಲ್ಲಾ ಬಂದು ಹೋಗಿದ್ದಾರೆ. ಈ ಸಲ ನೀವೇ ಬರೀರಿ ಅಂತ ಸಂಪಾದಕರು ಹೇಳಿದಾಗ ನಾನು ಒಂದು ಷರತ್ತು ಹಾಕಿದೆ. ರಾಜರ ಚರಿತ್ರೆ ನನಗೆ ಗೊತ್ತಿಲ್ಲ, ಉಪಕರಣದ ಚರಿತ್ರೆ ಬೇಕಾದರೆ ಬರೀತೇನೆ ಅಂದೆ. ಬಂಟ್ವಾಳ ಕಡೆಯಿಂದ ಶಾರ್ಜಾಕ್ಕೆ ಬಂದು ಇಪ್ಪತ್ತೆರಡು ವರ್ಷ ಟೈಲ್ಸ್ ಕೆಲಸದಲ್ಲೇ ಕಳೆದವನು ನಾನು. ಮೊದಲು ಹೆಲ್ಪರ್, ಆಮೇಲೆ ಮೇಸ್ತ್ರಿ, ಈಗ ಸೈಟ್ ಸೂಪರ್‌ವೈಸರ್. ಹಾಗಾಗಿ ನನ್ನ ಲೇಖನದ ನಾಯಕ ಹ್ಯಾಂಡ್ ಕಟರ್. ಎರಡು ಕಂಬಿ, ಒಂದು ಹಿಡಿ, ಒಂದು ಸಣ್ಣ ಚಕ್ರ. ಕರೆಂಟ್ ಬೇಡ, ವಯರ್ ಬೇಡ, ಸದ್ದಿಲ್ಲ. ಇದರಲ್ಲಿ ಚರಿತ್ರೆ ಏನಿದೆ ಅಂತ ಕೇಳಬೇಡಿ. ಇರಾನಿನಿಂದ ಬೀದರಿನವರೆಗೆ, ಬಾರ್ಸಿಲೋನಾದಿಂದ ಬೆಂಗಳೂರಿನ ತುಮಕೂರು ರಸ್ತೆವರೆಗೆ ಇದರ ಬೇರು ಹರಡಿದೆ.

ಕಾಶಿ ಅಂದರೆ ವಾರಾಣಸಿ ಅಲ್ಲ

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ಅರಬ್ಬಿ ಮಾಲೀಕರ ಬಾಯಲ್ಲಿ 'ಕಾಶಿ' ಅನ್ನುವ ಮಾತು ಕೇಳಿ ಕಣ್ಣರಳಿಸುತ್ತಾರೆ. ಕೊಲ್ಲಿಯ ಅರಬ್ಬಿಯಲ್ಲಿ ಕಾಶಿ ಅಂದರೆ ಟೈಲ್. ಇರಾನಿನ ಕಾಶಾನ್ ಪಟ್ಟಣದಿಂದ ಬಂದ ಹೆಸರು ಇದು. ಹೊಳಪಿನ ಮೆರುಗು ಕೊಟ್ಟ ಟೈಲ್‌ಗಳಿಗೆ ಆ ಊರು ಎಷ್ಟು ಪ್ರಸಿದ್ಧವಾಗಿತ್ತು ಅಂದರೆ, ಊರಿನ ಹೆಸರೇ ವಸ್ತುವಿನ ಹೆಸರಾಯಿತು. ಕಾಶಾನಿನ ಕುಂಬಾರ ಮನೆತನದ ಅಬುಲ್ ಖಾಸಿಮ್ ಎಂಬವನು 1301ರಲ್ಲೇ ಈ ಕೆಲಸದ ಮಣ್ಣು, ಬಣ್ಣ, ಒಲೆಗಳ ಬಗ್ಗೆ ಒಂದು ಗ್ರಂಥ ಬರೆದಿಟ್ಟಿದ್ದಾನೆ.

ಆ ಕಾಲದಲ್ಲಿ ಟೈಲ್ ಕತ್ತರಿಸುವುದು ಹೇಗೆ? ಇರಾನಿನಲ್ಲಿ ಒಂದೊಂದು ಬಣ್ಣದ ಹಲಗೆಯನ್ನು ಸುಟ್ಟು, ಆಮೇಲೆ ಉಳಿ ಸುತ್ತಿಗೆಯಿಂದ ಎಲೆ, ಹೂ, ನಕ್ಷತ್ರದ ಆಕಾರಕ್ಕೆ ಕೆತ್ತಿ, ಚೂರುಗಳನ್ನು ಜೋಡಿಸಿ ಗೋಡೆಗೆ ಕೂರಿಸುತ್ತಿದ್ದರು. ಮೊರಾಕ್ಕೊದಲ್ಲಿ ಇದೇ ಬಗೆಯ ಕೆಲಸಕ್ಕೆ ಜೆಲ್ಲಿಜ್ ಅನ್ನುತ್ತಾರೆ. ಅಲ್ಲಿಯ ಕುಶಲಕರ್ಮಿಗಳು ಇವತ್ತಿಗೂ ನೆಲದ ಮೇಲೆ ಕೂತು, ಚೂಪು ಬಾಯಿಯ ಭಾರದ ಸುತ್ತಿಗೆಯಿಂದ ಒಂದೊಂದೇ ಚೂರು ಕಡಿಯುತ್ತಾರೆ. ಕೈಯೇ ಅಳತೆ, ಕಣ್ಣೇ ರಸಮಟ್ಟ.

ಈ ವಿದ್ಯೆ ನಮ್ಮ ನಾಡಿಗೂ ಬಂದಿತ್ತು. ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸಾ ನೋಡಿರಬಹುದು. ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಗವಾನ್ 1472ರಲ್ಲಿ ಅದನ್ನು ಕಟ್ಟಿಸಿದ. ಮುಂಭಾಗದ ಗೋಡೆಗೂ ಮಿನಾರಿಗೂ ನೀಲಿ, ಹಸಿರು, ಬಿಳಿ, ಹಳದಿ ಟೈಲ್ ಹೊದಿಸಿದ್ದರು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದುಗುಂಡು ಸಿಡಿದು ಕಟ್ಟಡದ ಒಂದು ಭಾಗ ಹೋಯಿತು. ಉಳಿದ ಮಿನಾರಿನ ಮೈಮೇಲೆ ಅಲ್ಲಲ್ಲಿ ಟೈಲ್ ಇನ್ನೂ ಅಂಟಿಕೊಂಡಿದೆ. ಐನೂರು ವರ್ಷದ ಮಳೆ ಬಿಸಿಲಿಗೆ ಬಿಡದ ಗಾರೆ ಅದು. ನಮ್ಮ ಮೇಸ್ತ್ರಿಗಳು ಐದು ವರ್ಷದ ಗ್ಯಾರಂಟಿ ಕೊಡೋಕೂ ಹಿಂದೆ ಮುಂದೆ ನೋಡ್ತಾರೆ!

ಇಬ್ಬರು ಅಣ್ಣತಮ್ಮಂದಿರು

ಇನ್ನು ಸ್ಪೇನಿಗೆ ಹೋಗೋಣ. ಅರಬ್ಬರು ಸ್ಪೇನಿನಲ್ಲಿ ನೂರಾರು ವರ್ಷ ಆಳಿದವರು. ಅವರ 'ಅಜ್ಜುಲೈಜ್' ಅಲ್ಲಿ 'ಅಜುಲೇಹೊ' ಆಯಿತು. ಇವತ್ತಿಗೂ ಸ್ಪ್ಯಾನಿಷ್‌ನಲ್ಲಿ ಗೋಡೆ ಟೈಲಿಗೆ ಅದೇ ಹೆಸರು.

19ನೇ ಶತಮಾನದ ಕೊನೆಯಲ್ಲಿ ಬಾರ್ಸಿಲೋನಾ ಸುತ್ತಮುತ್ತ ಇನ್ನೊಂದು ಬಗೆಯ ಟೈಲ್ ಜನಪ್ರಿಯವಾಯಿತು. ಅದನ್ನು ಬೆಂಕಿಯಲ್ಲಿ ಸುಡುವುದಿಲ್ಲ. ಅಚ್ಚಿನಲ್ಲಿ ಬಣ್ಣದ ಸಿಮೆಂಟ್ ಹೊಯ್ದು, ಮೇಲೆ ಒಣ ಸಿಮೆಂಟ್ ಮರಳು ಹಾಕಿ, ಪ್ರೆಸ್ಸಿನಲ್ಲಿ ಒತ್ತಿ, ನೀರಲ್ಲಿ ಇಟ್ಟು ಗಟ್ಟಿ ಮಾಡುತ್ತಾರೆ. ಅಲ್ಲಿ ಅದಕ್ಕೆ ಹೈಡ್ರಾಲಿಕ್ ಮೊಸಾಯಿಕ್ ಎಂದು ಹೆಸರು. 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಬಾರ್ಸಿಲೋನಾದ ಕಂಪನಿಯೊಂದು ಅದನ್ನು ಜಗತ್ತಿಗೆ ತೋರಿಸಿತು. ಮುಂಬೈಯಲ್ಲಿ 1922ರಲ್ಲಿ ಸ್ವದೇಶಿ ಹುರುಪಿನಲ್ಲಿ ಶುರುವಾದ ಭಾರತ್ ಟೈಲ್ಸ್ ಕೂಡ ಇದೇ ಬಗೆಯದನ್ನೇ ಮಾಡಿತು. ಮಂಗಳೂರು ಕಡೆಯ ಹಳೇ ಬಂಗಲೆಗಳ ಚಾವಡಿಯಲ್ಲಿ ಹೂಬಳ್ಳಿಯ ಸಿಮೆಂಟ್ ಟೈಲ್ ನೀವು ನೋಡಿರುತ್ತೀರಿ.

ನೋಡಲು ಚಂದ, ಆದರೆ ಕತ್ತರಿಸಲು ದೊಡ್ಡ ತಲೆನೋವು. ಸುಮಾರು ಎರಡು ಸೆಂಟಿಮೀಟರ್ ದಪ್ಪ. ಮೇಲಿನ ಬಣ್ಣದ ಪದರ ಕೆಲವೇ ಮಿಲಿಮೀಟರ್. ಉಳಿ ಇಟ್ಟು ಹೊಡೆದರೆ ಎಲ್ಲಿ ಒಡೆಯುತ್ತೆ ಅಂತ ದೇವರಿಗೇ ಗೊತ್ತು. ಗೋಡೆಯ ಅಂಚಿಗೆ ಬರುವ ಪ್ರತಿ ಟೈಲಿಗೂ ಇದೇ ಪಾಡು. ವಾಸ್ತುಶಿಲ್ಪಿ ಗೌದಿ, ಪಾರ್ಕ್ ಗ್ವೆಲ್‌ನಲ್ಲಿ ಒಡೆದ ಟೈಲ್ ಚೂರುಗಳನ್ನೇ ಬೆಂಚು, ಗೋಡೆ, ಗೋಪುರಗಳಿಗೆಲ್ಲ ಅಂಟಿಸಿ ಜಗತ್ತೇ ಬಂದು ನೋಡುವಂತೆ ಮಾಡಿದ. ಆದರೆ ಸಾಮಾನ್ಯ ಮೇಸ್ತ್ರಿ ಒಡೆದ ಚೂರು ಅಂಟಿಸಿದರೆ ಮನೆ ಯಜಮಾನ ಸಂಬಳ ಕೊಡ್ತಾನಾ?

ಬಾರ್ಸಿಲೋನಾ ಪಕ್ಕದಲ್ಲಿ ರುಬಿ ಅನ್ನುವ ಊರು. ಅಲ್ಲಿಯ ಬೋವಾದಾ ಮನೆತನದ ಇಬ್ಬರು ಅಣ್ಣತಮ್ಮಂದಿರು 1951ರಲ್ಲಿ, ಈ ಸಿಮೆಂಟ್ ಟೈಲ್ ಕತ್ತರಿಸಲೆಂದೇ ಒಂದು ಕೈ ಯಂತ್ರ ಮಾಡಿದರು. ಕಂಬಿಯ ಮೇಲೆ ಸರಿಯುವ ಹಿಡಿಯಿಂದ ಗೀರು ಹಾಕುವುದು, ಅದೇ ಹಿಡಿಯನ್ನು ಒತ್ತಿ ಮುರಿಯುವುದು. ಈಗ ನಾವೆಲ್ಲ ಬಳಸುವ ಹ್ಯಾಂಡ್ ಕಟರಿನ ಮೂಲಪುರುಷ ಅದು. ಊರಿನ ಹೆಸರೇ ಬ್ರ್ಯಾಂಡ್ ಆಯಿತು. ಕಂಪನಿಯ ಪೂರ್ತಿ ಹೆಸರಿನಲ್ಲಿ 'ಜರ್ಮನ್ಸ್' ಅಂತ ಇರುವುದನ್ನು ನೋಡಿ ಸೈಟಿನಲ್ಲಿ ಎಷ್ಟೋ ಜನ ಇದು ಜರ್ಮನಿಯ ಮಾಲು ಅಂದುಕೊಂಡಿದ್ದಾರೆ. ಕಟಲಾನ್ ಭಾಷೆಯಲ್ಲಿ ಆ ಪದಕ್ಕೆ ಅಣ್ಣತಮ್ಮಂದಿರು ಅಂತ ಅರ್ಥ, ಅಷ್ಟೇ. ಅರಬ್ಬರಿಂದ ಸ್ಪೇನಿಗೆ ಹೋದದ್ದು ಟೈಲಿನ ಹೆಸರು. ಸ್ಪೇನಿನಿಂದ ಅರಬ್ಬರ ನಾಡಿಗೆ ಬಂದದ್ದು ಟೈಲಿನ ಕಟರ್. ಲೆಕ್ಕ ಚುಕ್ತಾ.

ಚಕ್ರ ಕತ್ತರಿಸುವುದಿಲ್ಲ

ಹೊಸ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದು: ಕಟರ್ ಅನ್ನುವ ಹೆಸರೇ ತಪ್ಪು, ಅದು ಕತ್ತರಿಸುವುದಿಲ್ಲ. ಚಕ್ರ ಒಂದು ಗೀರು ಎಳೆಯುತ್ತದೆ. ಆಮೇಲೆ ನಾವು ಒತ್ತಿದಾಗ ಟೈಲ್ ತಾನೇ ಆ ಗೀರಿನ ಗುಂಟ ಒಡೆಯುತ್ತದೆ.

ಈ ಉಪಾಯ ಗಾಜಿನವರಿಂದ ಬಂದದ್ದು. ಮೊದಲು ಗಾಜಿಗೆ ವಜ್ರದಿಂದ ಗೀರು ಹಾಕುತ್ತಿದ್ದರು. ಅಮೆರಿಕದ ಕನೆಕ್ಟಿಕಟ್‌ನ ಸ್ಯಾಮ್ಯುಯೆಲ್ ಮಾನ್ಸ್ ಎಂಬವನು 1869ರಲ್ಲಿ ವಜ್ರದ ಬದಲು ಉಕ್ಕಿನ ಪುಟ್ಟ ಚಕ್ರ ಹಾಕಿ ಪೇಟೆಂಟ್ ಪಡೆದ. ಬಡ ಕೆಲಸಗಾರನಿಗೂ ಗಾಜು ಕತ್ತರಿಸುವ ಉಪಕರಣ ಸಿಕ್ಕಿತು. ಗೀರು ಹಾಕಿದರೆ ಗಾಜು ಯಾಕೆ ಅಷ್ಟು ಸುಲಭವಾಗಿ ಒಡೆಯುತ್ತೆ ಅನ್ನುವುದಕ್ಕೆ ಲೆಕ್ಕಾಚಾರದ ಉತ್ತರ ಕೊಟ್ಟವನು ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್. 1921ರಲ್ಲಿ ಪ್ರಕಟವಾದ ಅವನ ಪ್ರಬಂಧದ ಸಾರ ನಮ್ಮ ಮಾತಿನಲ್ಲಿ ಹೀಗೆ: ಗಡುಸು ವಸ್ತುವಿನ ಮೈಮೇಲೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಎಳೆತದ ಬಲವೆಲ್ಲ ಆ ಬಿರುಕಿನ ತುದಿಗೆ ಬಂದು ಸೇರುತ್ತದೆ. ಅಲ್ಲಿಂದ ಬಿರುಕು ಓಡುತ್ತದೆ. ಕಟರಿನ ತಳದಲ್ಲಿ ಮಧ್ಯೆ ಇರುವ ಏಣು, ಮೇಲಿಂದ ಎರಡು ಕಡೆ ಒತ್ತುವ ರೆಕ್ಕೆ, ಇವೆಲ್ಲ ಇರುವುದು ಆ ಗೀರನ್ನು ಬಾಯಿ ಬಿಡಿಸುವುದಕ್ಕೆ.

ಟೈಲ್ ಗಾಜಿಗಿಂತ ಒರಟು. ಬರೀ ಉಕ್ಕಿನ ಚಕ್ರ ಬೇಗ ಮೊಂಡಾಗುತ್ತದೆ. ಅದಕ್ಕೆ ಬೇಕಾದ ಗಟ್ಟಿ ವಸ್ತು ಬಂದದ್ದು ಜರ್ಮನಿಯಿಂದ. 1920ರ ದಶಕದಲ್ಲಿ ಕ್ರುಪ್ ಕಂಪನಿ ಟಂಗ್‌ಸ್ಟನ್ ಕಾರ್ಬೈಡನ್ನು 'ವಿಡಿಯಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 'ವಜ್ರದ ಹಾಗೆ' ಎನ್ನುವ ಎರಡು ಜರ್ಮನ್ ಪದಗಳನ್ನು ಕೂಡಿಸಿ ಮಾಡಿದ ಹೆಸರು. 1960ರ ದಶಕದಲ್ಲಿ ವಿಡಿಯಾ ಬೆಂಗಳೂರಿಗೂ ಬಂತು. ತುಮಕೂರು ರಸ್ತೆಯ ಆ ಕಾರ್ಖಾನೆ ಎಷ್ಟೋ ಕನ್ನಡ ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಈಗ ಅದರ ಹೆಸರು ಕೆನ್ನಾಮೆಟಲ್. ಆದರೂ ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಡ್ರಿಲ್ ಬಿಟ್ ಕೇಳುವಾಗ ಜನ 'ವಿಡಿಯಾ ಬಿಟ್ ಕೊಡಿ' ಅಂತಲೇ ಕೇಳೋದು. ಹ್ಯಾಂಡ್ ಕಟರಿನ ಚಕ್ರವೂ ಇದೇ ಜಾತಿಯದು.

ನೆಲ ಬದಲಾಯಿತು

ನಮ್ಮ ಊರಿನ ಕಥೆಗೆ ಬರುತ್ತೇನೆ. ಮಂಗಳೂರಿನ ಹಂಚಿನ ಉದ್ಯಮ ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗ. ನೇತ್ರಾವತಿಯ ಜೇಡಿಮಣ್ಣು, ನದಿಯಲ್ಲೇ ದೋಣಿ ಸಾಗಾಟ. ಮೂರೇ ವರ್ಷದಲ್ಲಿ ನಮ್ಮ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆ ತೆರೆದರು. ಆದರೆ ಹಂಚು ಇದ್ದದ್ದು ತಲೆಯ ಮೇಲೆ. ಕಾಲಡಿಯಲ್ಲಿ ಬಹಳ ಮನೆಗಳಲ್ಲಿ ಸೆಗಣಿ ಸಾರಿಸಿದ ನೆಲ. ಸ್ವಲ್ಪ ಅನುಕೂಲ ಇದ್ದವರಿಗೆ ರೆಡ್ ಆಕ್ಸೈಡ್, ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು, ಇನ್ನು ಕೆಲವರಿಗೆ ಕಡಪ. ಇವು ಯಾವುದಕ್ಕೂ ಹ್ಯಾಂಡ್ ಕಟರ್ ಬೇಡ.

ಟೈಲ್ಸ್ ಬಂದದ್ದು ಗಲ್ಫ್ ದುಡ್ಡಿನ ಜೊತೆಗೆ ಅಂದರೆ ನಮ್ಮ ಕರಾವಳಿಯವರು ತಲೆಯಾಡಿಸುತ್ತಾರೆ. ಇಲ್ಲಿ ಕೂತು ಓವರ್‌ಟೈಮ್ ಮಾಡಿ, ಊರಲ್ಲಿ ಟೆರೇಸ್ ಮನೆ ಕಟ್ಟಿಸಿ, ಕನ್ನಡಿಯ ಹಾಗೆ ಹೊಳೆಯುವ ನೆಲ ಹಾಕಿಸಿದವರು ನಾವೇ. ಇಲ್ಲೂ ಅದೇ ಕಾಲ. ರಾಸ್ ಅಲ್ ಖೈಮಾದಲ್ಲಿ 1989ರಲ್ಲಿ ಸ್ಥಾಪನೆಯಾದ ಆರ್‌ಎಕೆ ಸಿರಾಮಿಕ್ಸ್ ಜಗತ್ತಿನ ದೊಡ್ಡ ಟೈಲ್ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು. ಗುಜರಾತಿನ ಮೋರ್ಬಿ ಭಾರತದ ಟೈಲ್ ರಾಜಧಾನಿಯೇ ಆಯಿತು.

ಟೈಲಿನ ಗುಣವೂ ಬದಲಾಯಿತು. ಗೋಡೆಗೆ ಹಾಕುವ ಹಳೆ ಬಗೆಯ ಸಿರಾಮಿಕ್ ಟೈಲ್ ತನ್ನ ತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ. ಮೆತ್ತಗೆ, ಹ್ಯಾಂಡ್ ಕಟರಿಗೆ ಬೆಣ್ಣೆ. ಈಗ ನೆಲಕ್ಕೆ ಹಾಕುವ ವಿಟ್ರಿಫೈಡ್ ಅಥವಾ ಪೋರ್ಸಲೇನ್ ಟೈಲ್ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ಹೀರಬಾರದು ಅಂತ ಅಂತರರಾಷ್ಟ್ರೀಯ ನಿಯಮ. ಅಂದರೆ ಒಳಗೆ ಸಂದೇ ಇಲ್ಲ, ಕಲ್ಲಿನ ಹಾಗೆ. ಅಳತೆಯೂ ಒಂದಡಿಯಿಂದ ಎರಡಡಿಗೆ, ಎರಡರಿಂದ ನಾಲ್ಕಡಿಗೆ ಹೋಯಿತು. ಒಳ್ಳೆಯ ಹ್ಯಾಂಡ್ ಕಟರ್ ಇದನ್ನೂ ನೇರವಾಗಿ ಮುರಿಯುತ್ತದೆ. ಆದರೆ ಉದ್ದನೆಯ ಒಳ್ಳೆಯ ಕಟರಿಗೆ ದುಡ್ಡು ಜಾಸ್ತಿ. ಗ್ರೈಂಡರ್ ಅಗ್ಗ. 1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ವೇಗದ ಆಂಗಲ್ ಗ್ರೈಂಡರ್ ತಂದ ಮೇಲೆ ಅದು ಜಗತ್ತಿನ ಎಲ್ಲ ಸೈಟ್‌ಗಳಿಗೂ ಹೋಗಿದೆ. ವಜ್ರದ ಪುಡಿ ಹಾಕಿದ ಬ್ಲೇಡ್ ಸಿಕ್ಕಿಸಿದರೆ ನೇರ ಗೆರೆ, ಎಲ್ ಆಕಾರ, ಪೈಪಿನ ತೂತು ಏನು ಬೇಕಾದರೂ ಆಗುತ್ತದೆ. ಹಾಗಾಗಿ ಒಂದು ನೇರ ಗೆರೆಗೂ ಹುಡುಗರು ಗ್ರೈಂಡರನ್ನೇ ಎತ್ತಿಕೊಳ್ಳುತ್ತಾರೆ.

ಧೂಳಿನ ಚರಿತ್ರೆ

ಹ್ಯಾಂಡ್ ಕಟರ್ ಟೈಲನ್ನು ಮುರಿಯುತ್ತದೆ. ಗ್ರೈಂಡರ್ ಟೈಲನ್ನು ಅರೆದು ಪುಡಿ ಮಾಡಿ ದಾರಿ ಬಿಡಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಅಷ್ಟೇ. ಆದರೆ ಆ ಪುಡಿ ಎಲ್ಲಿ ಹೋಗುತ್ತದೆ?

ಟೈಲಿನ ಮಣ್ಣಿನಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ, ಕೆಮ್ಮಿದರೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ವರ್ಷಗಟ್ಟಲೆ ಇಳಿದರೆ ಶ್ವಾಸಕೋಶದಲ್ಲಿ ಗಂಟು ಕಟ್ಟಿ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಹೋದ ಶ್ವಾಸಕೋಶವನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ.

ಇದು ಹೊಸ ಸುದ್ದಿಯೇನಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ 1700ರಲ್ಲಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಕಲ್ಲು ಕಡಿಯುವವರ ಕೆಮ್ಮು, ಉಬ್ಬಸ, ಕ್ಷಯದ ಬಗ್ಗೆ ಒಂದು ಅಧ್ಯಾಯವೇ ಇದೆ. ರೋಗಿಯನ್ನು ನೋಡಿದಾಗ ವೈದ್ಯರು ಕೇಳುವ ಪ್ರಶ್ನೆಗಳ ಜೊತೆ 'ನೀನು ಏನು ಕೆಲಸ ಮಾಡ್ತೀಯ' ಅನ್ನುವ ಪ್ರಶ್ನೆಯನ್ನೂ ಸೇರಿಸಿ ಅಂತ ಹೇಳಿದವನು ಅವನೇ. ಆ ಪುಸ್ತಕ ಅಚ್ಚಾದದ್ದು ಮೊಡೆನಾದಲ್ಲಿ. ಇವತ್ತು ಇಟಲಿಯ ಟೈಲ್ ಉದ್ಯಮದ ಕೇಂದ್ರವಾದ ಸಾಸ್ಸುವೊಲೊ ಇರುವುದು ಅದೇ ಮೊಡೆನಾ ಪ್ರಾಂತ್ಯದಲ್ಲಿ. ನಮ್ಮ ನಾಡಿನಲ್ಲೂ ಈ ರೋಗದ ಲೆಕ್ಕ ಇದೆ. 1940ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ ಸಾವಿರಾರು ಕಾರ್ಮಿಕರ ತಪಾಸಣೆ ಮಾಡಿ ಸಿಲಿಕೋಸಿಸನ್ನು ದಾಖಲಿಸಿದರು.

ಈಗಿನ ಕಾಲಕ್ಕೆ ಬಂದರೆ, ಅಮೆರಿಕ 2016ರಲ್ಲಿ ಹೊಸ ನಿಯಮ ಮಾಡಿತು. ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೋಗ್ರಾಮಿಗಿಂತ ಹೆಚ್ಚು ಸಿಲಿಕಾ ಧೂಳು ಇರಬಾರದು. ಒಂದು ಗ್ರಾಮಿನ ಹತ್ತು ಲಕ್ಷ ಪಾಲಿನಲ್ಲಿ 50 ಪಾಲು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಡುಗೆಮನೆ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನೇ ನಿಷೇಧಿಸಿತು, ಯಾಕೆಂದರೆ ಅದನ್ನು ಕತ್ತರಿಸಿದ ಯುವಕರು ಸಿಲಿಕೋಸಿಸ್‌ಗೆ ತುತ್ತಾಗುತ್ತಿದ್ದರು. ಟೈಲಿಗೆ ಆ ನಿಷೇಧ ಇಲ್ಲ. ಟೈಲಿನಲ್ಲಿ ಸಿಲಿಕಾ ಅಷ್ಟು ಇರುವುದಿಲ್ಲ. ಆದರೆ ಬಾಗಿಲು ಹಾಕಿದ ಬಾತ್‌ರೂಮಿನಲ್ಲಿ ಕೂತು ದಿನವಿಡೀ ಒಣ ಗ್ರೈಂಡರ್ ಹಿಡಿಯುವವನಿಗೆ ಕಡಿಮೆ ಅನ್ನುವ ಮಾತಿನಿಂದ ಏನು ಸಮಾಧಾನ?

ನನ್ನ ಜೊತೆ ಕೆಲಸ ಮಾಡಿದ ಹಿರಿಯ ಮೇಸ್ತ್ರಿ ಒಬ್ಬರಿದ್ದರು, ರಾಯಚೂರು ಕಡೆಯವರು. ಬಾತ್‌ರೂಮ್ ಕೆಲಸದಲ್ಲಿ ಅವರನ್ನು ಮೀರಿಸಿದವರಿಲ್ಲ. ಊರಿಗೆ ಹೋದ ಮೇಲೆ ಕೆಮ್ಮು ಹೆಚ್ಚಾಗಿ ಆಸ್ಪತ್ರೆ ತಿರುಗಿದರು. ಎರಡು ಸಲ ಟಿಬಿ ಮಾತ್ರೆಯ ಕೋರ್ಸ್ ಮುಗಿಸಿದರು. ಮೂರನೇ ವೈದ್ಯರು, ಆ ರಾಮಾಜ್ಜಿನಿಯ ಪ್ರಶ್ನೆಯನ್ನು ಕೇಳಿದರು. ಅಷ್ಟು ಹೊತ್ತಿಗೆ ಮನೆಯ ಮೆಟ್ಟಿಲು ಹತ್ತಲು ಅವರಿಗೆ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಟಿಬಿ, ಸಿಲಿಕೋಸಿಸ್ ಎರಡರ ಎಕ್ಸ್‌ರೇಯೂ ನೋಡಲು ಒಂದೇ ಥರ ಇರಬಹುದು. ಅದಕ್ಕೇ ಟೈಲ್ಸ್, ಗ್ರಾನೈಟ್ ಕೆಲಸದವರು ವೈದ್ಯರು ಕೇಳಲಿ ಬಿಡಲಿ, ತಮ್ಮ ಕೆಲಸ ಏನೆಂದು ತಾವೇ ಹೇಳಬೇಕು.

ನಿಮ್ಮ ಮನೆಯ ಕೆಲಸಕ್ಕೆ

ನಮ್ಮ ಸಂಘದಲ್ಲಿ ಎಂಜಿನಿಯರ್, ಅಕೌಂಟೆಂಟ್, ನರ್ಸ್ ಎಲ್ಲರೂ ಇದ್ದಾರೆ. ಕೆಲವರು ಅಡುಗೆಮನೆ ಗೋಡೆಗೆ ತಾವೇ ನಾಲ್ಕು ಸಾಲು ಟೈಲ್ ಹಾಕುವ ಉಮೇದಿನಲ್ಲಿದ್ದಾರೆ. ಅವರಿಗೆ ಗ್ರೈಂಡರಿಗಿಂತ ಹ್ಯಾಂಡ್ ಕಟರೇ ಸರಿ. ಕೆಲವು ಮಾತು ಹೇಳುತ್ತೇನೆ.

ಟೈಲಿನ ಮುಖ ಮೇಲಿರಲಿ. ಗೆರೆಯನ್ನು ಏಣಿನ ಮೇಲೆ ಸರಿಯಾಗಿ ಕೂರಿಸಿ. ಚಕ್ರಕ್ಕೆ ಒಂದು ತೊಟ್ಟು ಎಣ್ಣೆ ಬಿಡಿ. ಗೀರು ಒಂದೇ ಸಲ, ಒಂದೇ ಒತ್ತಡದಲ್ಲಿ, ಈ ಅಂಚಿನಿಂದ ಆ ಅಂಚಿನ ತನಕ ಹೋಗಬೇಕು. ಕಿವಿಗೊಟ್ಟು ಕೇಳಿ, ಗೀರುವ ಸದ್ದು ಮಧ್ಯೆ ಕಡಿಯಬಾರದು. ಗೀರು ಸರಿ ಬರಲಿಲ್ಲ ಅಂತ ಎರಡನೇ ಸಲ ಎಳೆದರೆ ಎರಡು ಬಿರುಕು ಪೈಪೋಟಿಗೆ ಬಿದ್ದು ಟೈಲ್ ಎಲ್ಲೆಲ್ಲೋ ಒಡೆಯುತ್ತದೆ. ಮುರಿಯುವಾಗ ಗುದ್ದಬೇಡಿ, ಮೆಲ್ಲಗೆ ಒತ್ತಿ. ನಯವಾದ ಮೈಯ ಟೈಲಿಗೆ ಸಣ್ಣ ಚಕ್ರ, ಒರಟು ಮೈಗೆ ದೊಡ್ಡ ಚಕ್ರ. ಬೆರಳಗಲಕ್ಕಿಂತ ಕಿರಿದಾದ ಪಟ್ಟಿ ಬೇಕಾದರೆ ಕಟರಿಗೆ ಕಷ್ಟ. ಅದಕ್ಕೇ ಮೊದಲೇ ಗೋಡೆಯ ಅಳತೆ ಹಾಕಿ, ಎರಡೂ ಅಂಚಿಗೆ ಅರ್ಧ ಟೈಲಾದರೂ ಬರುವ ಹಾಗೆ ಸಾಲನ್ನು ಮಧ್ಯದಿಂದ ಶುರು ಮಾಡಿ. ಮುರಿದ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಗ್ಲೌಸ್ ಮತ್ತು ಕನ್ನಡಕ ಬೇಕೇ ಬೇಕು. ಅಂಚು ಉಜ್ಜುವಾಗ ಕಲ್ಲನ್ನು ಒದ್ದೆ ಮಾಡಿಕೊಳ್ಳಿ. ಎಲ್ ಆಕಾರ, ತೂತು ಇದಕ್ಕೆಲ್ಲ ಯಂತ್ರವೇ ಬೇಕು. ಆಗ ನೀರು ಹಾಕುವ ಕಟರ್ ಬಾಡಿಗೆಗೆ ತನ್ನಿ.

ಇನ್ನೊಂದು ಮಾತು ಊರಲ್ಲಿ ಮನೆ ಕಟ್ಟಿಸುತ್ತಿರುವವರಿಗೆ. ಇಲ್ಲಿಂದ ವೀಡಿಯೊ ಕಾಲ್‌ನಲ್ಲಿ ನಾವು ಗ್ರೌಟಿನ ಬಣ್ಣ ಕೇಳುತ್ತೇವೆ, ಸ್ಕರ್ಟಿಂಗ್ ಎತ್ತರ ಕೇಳುತ್ತೇವೆ, ಚದರಡಿಗೆ ಎಷ್ಟು ಅಂತ ಚೌಕಾಸಿ ಮಾಡುತ್ತೇವೆ. ಕೆಲಸದವರು ಟೈಲ್ ಹೇಗೆ ಕತ್ತರಿಸುತ್ತಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನೇರ ಗೆರೆಗೆಲ್ಲ ಹ್ಯಾಂಡ್ ಕಟರ್, ಉಳಿದದ್ದಕ್ಕೆ ನೀರು, ಕತ್ತರಿಸುವ ಜಾಗ ಮನೆಯ ಹೊರಗೆ, ಒಳ್ಳೆಯ ಮಾಸ್ಕ್. ಈ ನಾಲ್ಕನ್ನು ಕರಾರಿನಲ್ಲೇ ಬರೆಸಿ. ಚದರಡಿಗೆ ಒಂದೆರಡು ರೂಪಾಯಿ ಜಾಸ್ತಿ ಕೇಳಿದರೆ ಕೊಡಿ. ಗೃಹಪ್ರವೇಶದ ಊಟದ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬೀದರಿನ ಮಿನಾರಿಗೆ ಟೈಲ್ ಕೂರಿಸಿದವರ ಹೆಸರು ನಮಗೆ ಗೊತ್ತಿಲ್ಲ, ಕಟ್ಟಿಸಿದ ಮಂತ್ರಿಯ ಹೆಸರಷ್ಟೇ ಗೊತ್ತು. ನಮ್ಮ ಕೈಕೆಲಸದ ಚರಿತ್ರೆಯೂ ಹೀಗೇ ಇರುತ್ತದೆ, ಅದಕ್ಕೆ ಬೇಸರವಿಲ್ಲ. ಈ ದೇಶದ ಮಾಲ್, ಮಸೀದಿ, ಮೆಟ್ರೋ ಸ್ಟೇಷನ್ನುಗಳ ನೆಲದಲ್ಲಿ ನಮ್ಮವರ ಮೊಣಕಾಲಿನ ಲೆಕ್ಕ ಇದೆ. ಹೆಸರು ಉಳಿಯದಿದ್ದರೂ ಪರವಾಗಿಲ್ಲ, ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಮೊಮ್ಮಕ್ಕಳ ಹಿಂದೆ ಓಡುವಷ್ಟು ಉಸಿರು ಉಳಿಯಲಿ. ಮುಂದಿನ ವರ್ಷ ಯಾರಾದರೂ ರಸಮಟ್ಟದ ಚರಿತ್ರೆ ಬರೆಯುವುದಾದರೆ ನಾನು ಮೊದಲ ಓದುಗ.